ಚಕ್ರ ಕಟ್ಟಿದ ಹಲಗೆ, ಏಳು ಕಿಲೋ ಅಕ್ಕಿ

ಸಣ್ಣ ಊರಿನಲ್ಲಿ ವಿಜ್ಞಾನದ ಮೇಷ್ಟರಾದವನಿಗೆ ಪಾಠದ ಜೊತೆಗೆ ಇನ್ನೊಂದು ಉದ್ಯೋಗ ತಾನಾಗಿಯೇ ಅಂಟಿಕೊಳ್ಳುತ್ತದೆ. ಕೊಳವೆ ಬಾವಿಗೆ ಎಷ್ಟು ಅಶ್ವಶಕ್ತಿಯ ಮೋಟಾರು ಇಳಿಸಬೇಕು, ಯು.ಪಿ.ಎಸ್. ಬ್ಯಾಟರಿ ಯಾಕೆ ಬಿಸಿಯಾಗುತ್ತದೆ, ಸೋಲಾರ್ ಹೀಟರನ್ನು ಯಾವ ದಿಕ್ಕಿಗೆ ಮುಖ ಮಾಡಿ ಕೂರಿಸಬೇಕು ಎಂದು ಕೇಳಿಕೊಂಡು ಬರುವವರಿಗೆಲ್ಲ ಉತ್ತರ ಹೇಳುವ ಉದ್ಯೋಗ. ಸಂಬಳವಿಲ್ಲ, ಆದರೆ ಅವರೆಕಾಯಿ ಕಾಲದಲ್ಲಿ ಅವರೆಕಾಯಿ, ಕಬ್ಬಿನ ಕಾಲದಲ್ಲಿ ಒಂದು ಡಬ್ಬ ಬೆಲ್ಲ ಮನೆಗೆ ಬರುವುದುಂಟು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಕಡೆಯ ಮಕ್ಕಳಿಗೂ ಪಾಠ ಹೇಳಿದವನಾದ್ದರಿಂದ ನನ್ನ ಗಿರಾಕಿಗಳು ಮೂರು ತಾಲ್ಲೂಕಿನಲ್ಲೂ ಇದ್ದಾರೆ.

ಕಳೆದ ದಸರಾ ರಜೆಯಲ್ಲಿ ಬಂದ ಗಿರಾಕಿಯ ಪ್ರಶ್ನೆ ಮಾತ್ರ ಹೊಸದು. ಯಳಂದೂರು ಕಡೆಯ ಒಬ್ಬ ರೇಷ್ಮೆ ಬೆಳೆಗಾರರು, ಅವರ ಹೆಂಡತಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿರುವ ಅವರ ಮಗ. ಮಗ ನನ್ನ ಹಳೆಯ ವಿದ್ಯಾರ್ಥಿ. ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತು ಶುರು ಮಾಡಿದರು: "ಇವ ಮಣ ಮ್ಯಾಲ ನಿಂತ್ಗಂಡು ಕಾಲೇಜ್ಗ ಹೋಯ್ತನಂತ ಸಾ. ಆ ಮಣಗ ಮೂವತ್ತೆಂಟು ಸಾವ್ರವಂತ. ನೀವೇ ಒಂದ್ಮಾತ ಹೇಳಿ."

ಮಣೆ ಎಂದರೆ ವಿದ್ಯುತ್ ಸ್ಕೇಟ್‌ಬೋರ್ಡು. ಹುಡುಗ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಮೂರಡಿ ಉದ್ದದ ಹಲಗೆ, ಕೆಳಗೆ ನಾಲ್ಕು ಪುಟ್ಟ ಚಕ್ರ, ಹೊಟ್ಟೆಗೆ ಕಟ್ಟಿದ ಚಪ್ಪಟೆ ಬ್ಯಾಟರಿ, ಕೈಯಲ್ಲಿ ಹಿಡಿಯಲು ಒಂದು ರಿಮೋಟು. ಹಿಡಿ ಇಲ್ಲ, ಸೀಟು ಇಲ್ಲ. ರಿಮೋಟಿನ ಗುಂಡಿ ಮುಂದೆ ತಳ್ಳಿದರೆ ಓಡುತ್ತದೆ, ಹಿಂದೆ ಎಳೆದರೆ ನಿಲ್ಲುತ್ತದೆ. "ಲೈಟ್‌ವೇಟ್ ಸರ್, ಬರೀ ಏಳು ಕೆ.ಜಿ. ಮೆಟ್ರೋದಲ್ಲಿ ಕೈಲಿ ಹಿಡ್ಕೊಂಡು ಹೋಗಬಹುದು" ಎಂದ.

ಹುಡುಗನ ಕಷ್ಟ ಸುಳ್ಳಲ್ಲ. ನಮ್ಮ ಕಡೆಯಿಂದ ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು ನಗರದ ಹೊಸ್ತಿಲಲ್ಲೇ ಮೆಟ್ರೋದ ಹಸಿರು ಮಾರ್ಗದ ಕೊನೆಯ ನಿಲ್ದಾಣವನ್ನು ಮುಟ್ಟುತ್ತದೆ. ಅದರ ಹೆಸರು ರೇಷ್ಮೆ ಸಂಸ್ಥೆ. 2021ರ ಜನವರಿಯಲ್ಲಿ ಆ ತನಕ ರೈಲು ಬಂದ ಮೇಲೆ ನಮ್ಮ ಮಕ್ಕಳಿಗೆ ಎಷ್ಟೋ ಅನುಕೂಲವಾಯಿತು. ಆದರೆ ರೈಲು ಮನೆ ಬಾಗಿಲಿಗೆ ಬರುವುದಿಲ್ಲವಲ್ಲ? ಇವನ ಪಿ.ಜಿ.ಯಿಂದ ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರು, ಆ ಕಡೆ ಇಳಿದ ಮೇಲೆ ಕಾಲೇಜಿಗೆ ಎರಡು. ಹೋಗಿ ಬರುವುದಕ್ಕೆ ದಿನಕ್ಕೆ ಏಳು ಕಿಲೋಮೀಟರು. ನಡೆದರೆ ಒಂದೂವರೆ ತಾಸು, ಆಟೋ ಹತ್ತಿದರೆ ತಿಂಗಳ ಊಟದ ದುಡ್ಡು. ಸೈಕಲ್ಲು ಕೊಂಡರೆ ಅದು ನಿಲ್ದಾಣದ ಈ ಕಡೆ ಇರಬೇಕು ಇಲ್ಲವೇ ಆ ಕಡೆ. ಎರಡೂ ಕಡೆ ಜೊತೆಗೆ ಬರುವ ವಾಹನ ಬೇಕೆಂದರೆ ಅದನ್ನು ಹೊರಲು ಆಗಬೇಕು. ಅಲ್ಲಿಗೆ ತೂಕದ ಪ್ರಶ್ನೆ ಬಂತು.

ನಗುವ ಮೊದಲು ನನಗೆ ನಮ್ಮ ಬೇರಿಂಗ್ ಗಾಡಿ ನೆನಪಾಯಿತು. ಲಾರಿ ಗ್ಯಾರೇಜಿನವರು ಎಸೆದ ಹಳೆಯ ಬಾಲ್ ಬೇರಿಂಗುಗಳನ್ನು ಕಾಡಿಬೇಡಿ ತಂದು, ರೀಪರಿನ ತುಂಡಿಗೆ ಸಿಕ್ಕಿಸಿ, ಮೇಲೆ ಹಲಗೆ ಹೊಡೆದರೆ ಗಾಡಿ ಸಿದ್ಧ. ಕೊಳ್ಳೇಗಾಲದ ಮರಡಿಗುಡ್ಡದ ಕಡೆಯ ಇಳಿಜಾರು ಬೀದಿಗಳಲ್ಲಿ ಅದರ ಸದ್ದಿಗೆ ಮನೆಯ ಮುಂದೆ ಮಲಗಿದ್ದ ನಾಯಿಗಳು ಎದ್ದು ಓಡುತ್ತಿದ್ದವು. ನಮ್ಮ ಮೊಣಕೈಯಲ್ಲಿ ಉಳಿದಿರುವ ಗುರುತುಗಳಿಗೆ ಅದೇ ಕಾರಣ. ಈಗಿನ ಹುಡುಗರ ಹಲಗೆಯೂ ಅದೇ ವಂಶದ್ದು. ಮೋಟಾರು ಬಂದಿದೆ, ಬೇರಿಂಗಿನ ಮೇಲೆ ಪಾಲಿಯೂರಿಥೇನ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ ಬಂದಿದೆ.

ಮೊದಲು ಬ್ಯಾಟರಿಗೆ ಕೈ ಹಾಕಿದೆ, ಏಕೆಂದರೆ ಮೂವತ್ತೆಂಟು ಸಾವಿರದಲ್ಲಿ ದೊಡ್ಡ ಪಾಲು ಅದಕ್ಕೇ. ಜಾಹೀರಾತಿನಲ್ಲಿ ಒಂದು ಕಡೆ 36 ವೋಲ್ಟ್ ಎಂದಿತ್ತು, ಇನ್ನೊಂದು ಕಡೆ 5 ಆಂಪಿಯರ್-ಅವರ್ ಎಂದಿತ್ತು. ಎರಡನ್ನೂ ಗುಣಿಸು ಎಂದೆ. 180 ವ್ಯಾಟ್-ಅವರ್. ಅಂಗಡಿಯವರು ಒಂದೇ ಸಂಖ್ಯೆ ಹೇಳಿದರೆ ಸುಮ್ಮನಾಗಬಾರದು. ಕೊಡದ ಎತ್ತರವನ್ನಷ್ಟೇ ಹೇಳಿ ಎಷ್ಟು ನೀರು ಹಿಡಿಯುತ್ತದೆಂದು ಹೇಳದ ಹಾಗೆ ಅದು. ಒಳಗೆ ಇರುವುದು ನಮ್ಮ ಪೆನ್ಸಿಲ್ ಸೆಲ್ಲಿಗಿಂತ ಸ್ವಲ್ಪ ದಪ್ಪನೆಯ ಲಿಥಿಯಂ ಕೋಶಗಳು, ಒಂದೊಂದೂ ಹೆಚ್ಚುಕಡಿಮೆ 45 ಗ್ರಾಂ. ಹತ್ತನ್ನು ಸರಣಿಯಲ್ಲಿ ಜೋಡಿಸಿದರೆ 36 ವೋಲ್ಟ್. ಅಂಥ ಎರಡು ಸಾಲನ್ನು ಸಮಾಂತರವಾಗಿ ಜೋಡಿಸಿದರೆ ಇಪ್ಪತ್ತು ಕೋಶ, ಒಂದು ಕಿಲೋಗೂ ಕಡಿಮೆ ತೂಕ.

ಅಪ್ಪನ ಮುಖ ನೋಡಿದೆ. ಅವರಿಗೆ ಸರಣಿ, ಸಮಾಂತರ ಯಾವುದೂ ಬೇಕಾಗಿರಲಿಲ್ಲ. "ನಿಮ್ಮ ಬ್ಯಾಟರಿ ಸ್ಪ್ರೇಯರಿನಲ್ಲಿ ಏನಿದೆ ಗೊತ್ತಾ?" ಎಂದು ಕೇಳಿದೆ. ಬತ್ತದ ಗದ್ದೆಗೆ ಔಷಧಿ ಹೊಡೆಯುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 8 ಆಂಪಿಯರ್-ಅವರಿನ ಸೀಸದ ಬ್ಯಾಟರಿ. 96 ವ್ಯಾಟ್-ಅವರ್, ತೂಕ ಎರಡೂವರೆ ಕಿಲೋ ಆಸುಪಾಸು. ಹುಡುಗನ ಹಲಗೆಯಲ್ಲಿರುವುದು ಅದರ ಹತ್ತಿರ ಹತ್ತಿರ ಎರಡರಷ್ಟು ಶಕ್ತಿ, ಅರ್ಧಕ್ಕಿಂತ ಕಡಿಮೆ ತೂಕದಲ್ಲಿ. ಅಪ್ಪ ತಕ್ಷಣ ಹಿಡಿದುಕೊಂಡರು. "ಹೊಸದ್ರಲ್ಲಿ ಒಂದ್ಸಾರಿ ಚಾರ್ಜ್ ಮಾಡುದ್ರ ಇಪ್ಪತ್ತು ಟ್ಯಾಂಕ್ ಹೊಡೀತಿತ್ತು ಸಾ. ಈಗ ಹತ್ತಕ್ಕೇ ಸುಸ್ತು. ಇದೂ ಹಂಗೇನಾ?"

ಇದೂ ಹಾಗೆಯೇ. ಲಿಥಿಯಂ ಸೀಸಕ್ಕಿಂತ ಬಾಳಿಕೆ ಬರುತ್ತದೆ, ಆದರೆ ಕೆಲವು ನೂರು ಸಲ ತುಂಬಿ ಬರಿದು ಮಾಡಿದ ಮೇಲೆ ಅದರ ಹೊಟ್ಟೆಯೂ ಕುಗ್ಗುತ್ತದೆ. ಹೀಗಾಗಿ ಲೆಕ್ಕ ಹಾಕಬೇಕಾದದ್ದು ಹೊಸ ಬ್ಯಾಟರಿಗಲ್ಲ, ಎರಡು ವರ್ಷ ಹಳತಾದ ಬ್ಯಾಟರಿಗೆ. ಅರವತ್ತು ಕಿಲೋ ಹುಡುಗ, ಐದು ಕಿಲೋ ಚೀಲ, ಏಳು ಕಿಲೋ ಹಲಗೆ. ಇಷ್ಟು ಭಾರ ಒಯ್ಯಲು ಕಿಲೋಮೀಟರಿಗೆ 12ರಿಂದ 15 ವ್ಯಾಟ್-ಅವರ್ ಹಿಡಿಯಿರಿ. ದಿನದ ಏಳು ಕಿಲೋಮೀಟರಿಗೆ ಹೆಚ್ಚೆಂದರೆ 105. ಬ್ಯಾಟರಿ ಶೇ. 70ಕ್ಕೆ ಇಳಿದರೂ 126 ಉಳಿದಿರುತ್ತದೆ. ಸಾಕು. ಮೂವತ್ತು ಕಿಲೋಮೀಟರು ಓಡುತ್ತದೆ ಎಂದು ಇದರ ಎರಡರಷ್ಟು ಬ್ಯಾಟರಿಯ ಹಲಗೆಯನ್ನೂ ಹುಡುಗ ನೋಡಿಟ್ಟಿದ್ದ. ಅದು ಒಂಬತ್ತು ಕಿಲೋ ದಾಟುತ್ತಿತ್ತು. ಬೇಡದ ದಾರಿಯ ಭಾರವನ್ನು ದಿನಾ ಮೆಟ್ಟಿಲ ಮೇಲೆ ಹೊರುವುದೇಕೆ? ಹಗುರವಾದದ್ದು ಬೇಕೆಂದರೆ ಮೊದಲು ನಮ್ಮ ದಾರಿ ಎಷ್ಟು ಉದ್ದವೆಂದು ಅಳೆಯಬೇಕು. ಇನ್ನು ಜಾಹೀರಾತಿನ ಮೈಲಿಗಳು ಹಗುರ ಸವಾರ, ಸಮತಟ್ಟು ನೆಲ, ನಿಧಾನ ವೇಗ ಇವು ಮೂರೂ ಕೂಡಿಬಂದ ದಿನದವು. ನಾನಾದರೆ ಮೂರನೇ ಎರಡು ಭಾಗವನ್ನು ಮಾತ್ರ ನಂಬುತ್ತೇನೆ.

ಕರೆಂಟಿನ ಖರ್ಚಿನ ಬಗ್ಗೆ ತಾಯಿ ಕೇಳಿದರು. ಅದು ಲೆಕ್ಕಕ್ಕೇ ಇಲ್ಲ. ಪೂರ್ತಿ ತುಂಬಿಸಿದರೆ ಒಂದು ಯೂನಿಟ್ಟಿನ ಐದನೇ ಒಂದು ಭಾಗದಷ್ಟು. ಲೆಕ್ಕಕ್ಕೆ ಬರುವುದು ಎಲ್ಲಿ ತುಂಬಿಸುತ್ತಾನೆ ಎಂಬುದು. ಪಿ.ಜಿ.ಯ ಒಂದು ಕೋಣೆಯಲ್ಲಿ ಮೂರು ಹುಡುಗರು, ಒಂದೇ ಪ್ಲಗ್ಗು, ಮಂಚದ ಕೆಳಗೆ ಬಟ್ಟೆಯ ರಾಶಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಕೂಡದು. ಜೊತೆಗೆ ಬಂದ ಚಾರ್ಜರನ್ನೇ ಬಳಸಬೇಕು. ನೀರು ಹೊಕ್ಕ, ಊದಿಕೊಂಡ, ಜೋರಾಗಿ ಏಟು ತಿಂದ ಬ್ಯಾಟರಿಯನ್ನು ಕೋಣೆಯೊಳಗೆ ಇಟ್ಟುಕೊಳ್ಳಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದರೆ ಅದು ಹೊತ್ತುವ ಬಗೆಯೇ ಬೇರೆ. ಸೀಸದ ಬ್ಯಾಟರಿಯ ಸಹವಾಸದಲ್ಲಿ ಬೆಳೆದ ನಮ್ಮಂಥವರಿಗೆ ಅದರ ರಭಸ ಬೇಗ ತಿಳಿಯುವುದಿಲ್ಲ.

ಇನ್ನು ಚಕ್ರದ ವಿಷಯ. ಹುಡುಗ ಇದನ್ನು ಯೋಚಿಸಿಯೇ ಇರಲಿಲ್ಲ. ಆ ಹಲಗೆಯ ಚಕ್ರದ ವ್ಯಾಸ 90 ಮಿಲಿಮೀಟರು. ಅಂದರೆ ತ್ರಿಜ್ಯ ನಾಲ್ಕೂವರೆ ಸೆಂಟಿಮೀಟರು. ರಸ್ತೆಯಲ್ಲಿ ಒಂದು ಸೆಂಟಿಮೀಟರ್ ಎತ್ತರದ ಜಲ್ಲಿಕಲ್ಲು ಇದೆ ಅನ್ನಿ. ಚಕ್ರ ಅದನ್ನು ಏರಬೇಕಾದರೆ ಎಷ್ಟು ತಳ್ಳಬೇಕು? ಎಂಟನೇ ತರಗತಿಯ ಸನ್ನೆಯ ಪಾಠ, ಪೈಥಾಗೊರಸನ ಪ್ರಮೇಯ ಇಷ್ಟು ಗೊತ್ತಿದ್ದರೆ ಲೆಕ್ಕ ಬರುತ್ತದೆ. ಹುಡುಗನ ಕೈಯಲ್ಲೇ ಮಾಡಿಸಿದೆ. ಆ ಚಕ್ರದ ಮೇಲೆ ಬಿದ್ದ ಭಾರದ ಶೇ. 80ರಷ್ಟು ಬಲದಿಂದ ಅಡ್ಡ ತಳ್ಳಬೇಕು. ಅದೇ ಕಲ್ಲನ್ನು ನಮ್ಮ ದೊಡ್ಡ ಸೈಕಲ್ಲಿನ ಚಕ್ರ ಏರಲು ಶೇ. 25 ಸಾಕು. ಕಲ್ಲು ನಾಲ್ಕೂವರೆ ಸೆಂಟಿಮೀಟರಿನದಾದರೆ ಹಲಗೆಯ ಚಕ್ರ ಎಷ್ಟು ತಳ್ಳಿದರೂ ಏರದು. ಅದಕ್ಕೆ ಅದು ಗೋಡೆ. ಹಲಗೆ ನಿಲ್ಲುತ್ತದೆ, ಜಡತ್ವದ ನಿಯಮಕ್ಕೆ ವಿಧೇಯನಾಗಿ ಹುಡುಗ ಮುಂದೆ ಹೋಗುತ್ತಾನೆ.

"ಬೆಂಗಳೂರಲ್ಲಿ ಕಾಂಕ್ರೀಟ್ ರಸ್ತೆ ಇದೆ ಸರ್" ಎಂದ. ಇದೆ, ಒಪ್ಪಿದೆ. ಆದರೆ ಮೋರಿಯ ಕಬ್ಬಿಣದ ಮುಚ್ಚಳ, ಕೇಬಲ್ಲಿಗೆ ಅಗೆದು ಮುಚ್ಚಿದ ಗೆರೆ, ಹಂಪು, ಮಳೆ ನಿಂತ ಗುಂಡಿ ಇವೂ ಇವೆ. ಪುಟ್ಟ ಚಕ್ರಕ್ಕೆ ಗುಂಡಿಯ ಆಳ ಕಾಣಿಸುವುದು ಬಿದ್ದ ಮೇಲೆ. ರಜೆಗೆ ಬಂದಾಗ ಊರಲ್ಲೂ ಓಡಿಸುತ್ತೇನೆ ಎಂದು ಬೇರೆ ಅವನ ಯೋಚನೆ. ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ ಹಾದು ಹನೂರಿಗೆ ಹೋಗುವ ರಸ್ತೆಯನ್ನು ಸುಗ್ಗಿಯಲ್ಲಿ ನೋಡಬೇಕು. ಹುರುಳಿಯೋ ರಾಗಿಯೋ ರಸ್ತೆಯ ಮೇಲೇ ಹರಡಿರುತ್ತಾರೆ. ಬಸ್ಸು, ಲಾರಿಗಳೇ ರೋಣಗಲ್ಲು. ಬೈಕಿನವರೇ ಆ ಹುಲ್ಲಿನ ಮೇಲೆ ಜಾರಿ ಬಿದ್ದದ್ದುಂಟು. ಕಬ್ಬು ಕಡಿಯುವ ಕಾಲ ಬಂತೆಂದರೆ ಕುಂತೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳಿಂದ ಉದುರಿದ ಕಬ್ಬಿನ ಜಲ್ಲೆ ದಾರಿಯುದ್ದಕ್ಕೂ ಬಿದ್ದಿರುತ್ತದೆ. ಒಂದು ಜಲ್ಲೆಯ ದಪ್ಪ ಎಷ್ಟು? ಎರಡರಿಂದ ಮೂರು ಸೆಂಟಿಮೀಟರು. ಲೆಕ್ಕ ಮತ್ತೆ ಮಾಡಿಸುವ ಅಗತ್ಯ ಬೀಳಲಿಲ್ಲ, ಹುಡುಗ ತಾನೇ ತಲೆಯಾಡಿಸಿದ.

ಬ್ರೇಕಿನದು ಇನ್ನೂ ಸ್ವಾರಸ್ಯ. ಇದರಲ್ಲಿ ಸೈಕಲ್ಲಿನಂತೆ ರಬ್ಬರು ಉಜ್ಜುವ ಬ್ರೇಕು ಇಲ್ಲ. ಮೋಟಾರನ್ನೇ ಡೈನಮೋ ಮಾಡಿ ನಿಲ್ಲಿಸುತ್ತಾರೆ. ತಿರುಗುವ ಚಕ್ರದ ಚಲನಶಕ್ತಿ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ, ವೇಗ ಇಳಿಯುತ್ತದೆ. ನೀರಿನ ಓಟದಿಂದ ವಿದ್ಯುತ್ ತೆಗೆಯುವ ಕೆಲಸ ನಮ್ಮ ನೆರೆಯ ಶಿವನಸಮುದ್ರದಲ್ಲಿ 1902ರಿಂದಲೇ ನಡೆದಿದೆ, ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ಕಥೆಯನ್ನು ಪ್ರತಿ ವರ್ಷ ಹತ್ತನೇ ತರಗತಿಗೆ ಹೇಳುತ್ತೇನೆ. ತತ್ತ್ವ ಒಂದೇ. ಆದರೆ ಒಂದು ಪ್ರಶ್ನೆ ಕೇಳಿದೆ: "ಬ್ಯಾಟರಿ ಆಗಲೇ ತುಂಬಿದ್ದರೆ, ಬ್ರೇಕಿನಿಂದ ಬಂದ ವಿದ್ಯುತ್ತು ಎಲ್ಲಿಗೆ ಹೋಗಬೇಕು?" ಹುಡುಗ ತಡಬಡಿಸಿದ. ಬಿಳಿಗಿರಿರಂಗನ ಬೆಟ್ಟದ ಮೇಲೆ ಪೂರ್ತಿ ಚಾರ್ಜು ಮಾಡಿಕೊಂಡು ಯಳಂದೂರಿನ ಕಡೆ ಇಳಿಯತೊಡಗಿದರೆ, ಬ್ರೇಕು ಅತ್ಯಂತ ಬೇಕಾದ ಹೊತ್ತಿಗೇ ಅದು ದುರ್ಬಲವಾಗಬಹುದು ಅಥವಾ ಕೈಬಿಡಬಹುದು. ರಿಮೋಟಿನ ಬ್ಯಾಟರಿ ಮುಗಿದರೂ ಅಷ್ಟೇ. ಹೀಗಾಗಿ ಕೊಳ್ಳುವಾಗ ಓಡುವುದನ್ನು ತೋರಿಸಿ ಎನ್ನುವ ಬದಲು ನಿಲ್ಲುವುದನ್ನು ತೋರಿಸಿ ಎನ್ನಬೇಕು: ತುಂಬಿದ ಬ್ಯಾಟರಿಯಲ್ಲಿ, ಇಳಿಜಾರಿನಲ್ಲಿ, ರಿಮೋಟು ಆರಿಸಿ. ತೋರಿಸದ ಅಂಗಡಿಯಿಂದ ಎದ್ದು ಬರಬೇಕು.

ಗಂಟೆಗೆ 25 ಕಿಲೋಮೀಟರು ಎಂದರೆ ಬಸ್ಸಿನಲ್ಲಿ ಕುಳಿತವನಿಗೆ ಆಮೆಯ ನಡಿಗೆ. ಹಲಗೆಯ ಮೇಲೆ ನಿಂತವನಿಗೆ ಅದು ಸೆಕೆಂಡಿಗೆ ಏಳು ಮೀಟರು; ಅಡ್ಡ ಬಂದ ನಾಯಿಯನ್ನು ಕಂಡು ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಏಳು ಮೀಟರು ಕಳೆದಿರುತ್ತದೆ. ಆ ವೇಗದಲ್ಲಿ ಗೋಡೆಗೆ ಬಡಿಯುವುದೂ ಎಂಟು ಅಡಿ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ತಾಯಿ ತಲೆಯೆತ್ತಿ ನಮ್ಮ ಮನೆಯ ಸಜ್ಜದ ಕಡೆ ನೋಡಿದರು. ಹೆಲ್ಮೆಟ್ಟು, ಮಣಿಕಟ್ಟಿಗೆ ಮತ್ತು ಮೊಣಕಾಲಿಗೆ ಕವಚ ಇವನ್ನು ಹಲಗೆಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಬೀಳುವಾಗ ಯಾರೇ ಆಗಲಿ ಮೊದಲು ಊರುವುದು ಕೈಯನ್ನು, ಮುರಿಯುವುದು ಮಣಿಕಟ್ಟು.

ಕಾನೂನನ್ನೂ ನೋಡಬೇಕಲ್ಲ. ನಮ್ಮ ದೇಶದ ನಿಯಮದಲ್ಲಿ ಬ್ಯಾಟರಿ ವಾಹನವೊಂದು ಲೈಸೆನ್ಸು, ನೋಂದಣಿಗಳಿಂದ ತಪ್ಪಿಸಿಕೊಳ್ಳಬೇಕಾದರೆ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ವೇಗ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು, ಸರಕಾರ ಗೊತ್ತುಮಾಡಿದ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಇರಬೇಕು. ಹುಡುಗ ಆರಿಸಿದ್ದ ಹಲಗೆಗೆ ಎರಡು ಮೋಟಾರು, ಒಂದೊಂದೂ 350 ವ್ಯಾಟು, ವೇಗ 35. ಒಪ್ಪಿಗೆಯ ಸುದ್ದಿಯೇ ಜಾಹೀರಾತಿನಲ್ಲಿ ಇರಲಿಲ್ಲ. ಅಂಥದ್ದಕ್ಕೆ ನೋಂದಣಿ ಮಾಡಿಸೋಣವೆಂದರೆ ನಂಬರ್ ಪ್ಲೇಟು ಎಲ್ಲಿ ಕಟ್ಟುವುದು, ಕಾಲಿಗಾ? ಕಡಿಮೆ ಶಕ್ತಿಯದಾದರೆ ಏರು ಹತ್ತುತ್ತದೆಯೇ ಎಂದು ಕೇಳಿದ. ನೂರು ಮೀಟರಿಗೆ ಐದು ಮೀಟರು ಏರುವ ರಸ್ತೆಯಲ್ಲಿ ಅವನನ್ನು ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಮೇಲೆತ್ತಲು 150 ವ್ಯಾಟು, ಘರ್ಷಣೆಗೆ ಇನ್ನೊಂದಿಷ್ಟು. 250ಕ್ಕೆ ಸ್ವಲ್ಪ ಕಡಿಮೆಯದೂ ಉಸಿರು ಬಿಡುತ್ತಾ ಹತ್ತುತ್ತದೆ.

ಈ ಮಾತಿನ ನಡುವೆಯೇ ಇತರ ತಂದೆತಾಯಿಗಳಿಗೂ ಒಂದು ಮಾತು. ಹೈಸ್ಕೂಲು ಹುಡುಗರ ಕೈಗೆ ಸ್ಕೂಟರು ಕೊಟ್ಟು ಟ್ಯೂಷನ್ನಿಗೆ ಕಳಿಸುವುದು ನಮ್ಮ ಮೂರು ಪಟ್ಟಣಗಳಲ್ಲೂ ದಿನಾ ಕಾಣುವ ದೃಶ್ಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೋ ಮಾಲೀಕರಿಗೋ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸು ಇಲ್ಲ. ಬ್ಯಾಟರಿಯದಲ್ಲವಾ, ಪರವಾಗಿಲ್ಲ ಎಂದು ಹೇಳಿ ಮಾರುವವರಿದ್ದಾರೆ. ಮೋಟಾರಿನ ವ್ಯಾಟು ಕೇಳದೆ, ಒಪ್ಪಿಗೆ ಪತ್ರ ನೋಡದೆ ನಂಬಬೇಡಿ.

ಮಳೆಗೆ ತಡೆಯುತ್ತದೆಯೇ ಎಂಬುದಕ್ಕೆ ಡಬ್ಬದ ಮೇಲೆ ಐ.ಪಿ. ಎಂಬ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. 54 ಎಂದಿದ್ದರೆ ಸಿಡಿದ ಹನಿಗಳನ್ನು ತಡೆಯುತ್ತದೆ, ನಿಂತ ನೀರಿನಲ್ಲಿ ಓಡಿಸಲು ಅಪ್ಪಣೆ ಅಲ್ಲ. ರಿಪೇರಿಯದು ಅದಕ್ಕಿಂತ ದೊಡ್ಡ ಚಿಂತೆ. ಅಮೆರಿಕದಲ್ಲಿ ಬೂಸ್ಟೆಡ್ ಎಂಬ ಹೆಸರಿನಲ್ಲಿ ಇಂಥ ಹಲಗೆಗಳು ಬಂದವು. ಸ್ಟ್ಯಾನ್‌ಫರ್ಡಿನಲ್ಲಿ ಓದಿದ ಹುಡುಗರ ಕಂಪೆನಿ, ಒಳ್ಳೆಯ ಹೆಸರು ಮಾಡಿತು. 2020ರಲ್ಲಿ ಅದು ಬಾಗಿಲು ಹಾಕಿದಾಗ ಕೊಂಡವರು ಬಿಡಿಭಾಗಕ್ಕೆ ಪರದಾಡಿದರು. ಅಲ್ಲೇ ಹಾಗಾದರೆ, ಎಲ್ಲಿಂದಲೋ ತರಿಸಿದ ಹಲಗೆಯ ಕಂಟ್ರೋಲರು ಸುಟ್ಟರೆ ಕೊಳ್ಳೇಗಾಲದ ಯಾವ ಅಂಗಡಿಗೆ ಹೋಗುವುದು? ಸೈಕಲ್ಲಿನ ಟ್ಯೂಬಾದರೆ ಮಾಂಬಳ್ಳಿಯಲ್ಲೂ ಸಿಗುತ್ತದೆ.

ಇಷ್ಟೆಲ್ಲ ಕೇಳಿ ಹುಡುಗನ ಮುಖ ಸಣ್ಣದಾಯಿತು. ಬೇಡ ಎನ್ನುವುದು ನನ್ನ ಉದ್ದೇಶವಾಗಿರಲಿಲ್ಲ. ಹೊಸದರ ಕಡೆ ಕಣ್ಣು ಹಾಯಿಸುವ ಹುಡುಗನೇ ನಾಳೆ ಹೊಸದನ್ನು ಮಾಡುವವನು. ಅದಕ್ಕೇ ಒಂದು ಪ್ರಯೋಗ ಹೇಳಿದೆ. "ಏಳು ಕಿಲೋ ಅಕ್ಕಿಯನ್ನು ಉದ್ದನೆಯ ಚೀಲಕ್ಕೆ ಕಟ್ಟಿ, ಒಂದು ವಾರ ಅದನ್ನು ಹೊತ್ತುಕೊಂಡೇ ಕಾಲೇಜಿಗೆ ಹೋಗಪ್ಪ. ರಸ್ತೆಯಲ್ಲಿ ಬೇಡ; ಹಲಗೆಯನ್ನು ಕೈಯಲ್ಲಿ ಹಿಡಿಯಬೇಕಾದ ಜಾಗದಲ್ಲೆಲ್ಲ ಹೊರು. ಎಲ್ಲಿ ಇಟ್ಟೆ, ಎಲ್ಲಿ ಬೈಸಿಕೊಂಡೆ, ಎಷ್ಟು ನಿಮಿಷ ಹೊತ್ತೆ, ಬರೆದಿಡು." ತಾಯಿ ನಕ್ಕರು. "ಅಕ್ಕಿ ಕೊಟ್ಟು ಕಳ್ಸನಿ ಸಾ, ವಾರ ಆದ್ಮ್ಯಾಲ ಉಣ್ಣಕ್ಕಾರ ಆಯ್ತದ."

ಹುಡುಗ ಮಾಡಿದ. ವಾರದ ಕೊನೆಗೆ ಮೊಬೈಲಿಗೆ ಒಂದು ಪಟ್ಟಿ ಬಂತು, ಪ್ರಾಯೋಗಿಕ ಪುಸ್ತಕದ ಹಾಗೆ ಗೆರೆ ಎಳೆದು ಬರೆದದ್ದು. ರೈಲಿನಲ್ಲಿ ಬೆಳಗಿನ ನೂಕುನುಗ್ಗಲಲ್ಲಿ ಎದೆಗೆ ಅವಚಿಕೊಂಡು ಇಪ್ಪತ್ತೊಂದು ನಿಮಿಷ. ಕಾಲೇಜಿನ ಮೂರನೇ ಮಹಡಿಗೆ ದಿನಕ್ಕೆ ನಾಲ್ಕು ಸಲ. ಲ್ಯಾಬಿನ ಹೊರಗೆ ಇಡಲು ಬಿಡಲಿಲ್ಲ, ಒಳಗೆ ತರಲೂ ಬಿಡಲಿಲ್ಲ. ಬುಧವಾರ ಹೋಟೆಲಿನಲ್ಲಿ ಮರೆತು ಬಂದು ಓಡಿದ್ದು. ಎಡಭುಜ ನೋವು. ಪಟ್ಟಿಯ ಕೆಳಗೆ ಅವನದೇ ಲೆಕ್ಕ: ಓಡಿಸುವ ದಾರಿಯಲ್ಲಿ ದಿನಕ್ಕೆ ಐವತ್ತು ನಿಮಿಷ ಉಳಿಯುತ್ತದೆ, ಹೊರುವ ಹೊತ್ತು ಒಂದು ಗಂಟೆ ದಾಟುತ್ತದೆ. "ಐದು ಕಿಲೋ ಒಳಗಿನದು, ಒಂದೇ ಮೋಟಾರಿನದು, 250 ವ್ಯಾಟ್ ಒಳಗೆ ಸಿಕ್ಕರೆ ನೋಡ್ತೀನಿ ಸರ್. ಕಾಲೇಜಿನ ಕಡೆ ಒಬ್ಬ ಗೆಳೆಯನ ಹಳೇ ಸೈಕಲ್ಲು ಇದೆ, ಸದ್ಯಕ್ಕೆ ಅದನ್ನ ನಿಲ್ದಾಣದ ಹತ್ತಿರ ಇಟ್ಟು ನೋಡೋಣ ಅಂತ."

ಅಪ್ಪ ಮೊನ್ನೆ ಗೂಡಿನ ಮಾರುಕಟ್ಟೆಗೆ ಬಂದವರು ಮನೆಗೂ ಬಂದಿದ್ದರು. ದುಡ್ಡು ಬ್ಯಾಂಕಿನಲ್ಲೇ ಇದೆಯಂತೆ, ಮುಂದಿನ ಬೆಳೆ ಕೈಗೆ ಬಂದ ಮೇಲೆ ಮಗನ ಜೊತೆ ಕೂತು ತೀರ್ಮಾನ ಮಾಡುತ್ತಾರಂತೆ. ಹುಡುಗ ಅಷ್ಟರಲ್ಲಿ ಹೆಲ್ಮೆಟ್ಟನ್ನು ಮಾತ್ರ ಕೊಂಡಿದ್ದಾನೆ, ಸೈಕಲ್ಲಿಗೂ ಆಯಿತೆಂದು. ಹೊರಡುವಾಗ ಚೀಲದಿಂದ ಸ್ಪ್ರೇಯರಿನ ಹಳೆಯ ಬ್ಯಾಟರಿಯನ್ನು ತೆಗೆದು ಜಗಲಿಯ ಮೇಲಿಟ್ಟು ಕೇಳಿದರು: "ಇದ ತಗದು ಆ ಮಣದ್ದು ಹಾಕುಸ್ಬೌದಾ ಸಾ?" ವೋಲ್ಟೇಜು ಬೇರೆ, ಚಾರ್ಜರೂ ಬೇರೆ ಎಂದು ಹೇಳುತ್ತಾ ಕನ್ನಡಕ ಹುಡುಕಿದೆ.